ಬಾತಿನ ಮರಿ ಗಂಡೋ ಹೆಣ್ಣೋ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಸರಗೋಡಿನ ಕಡೆಯಿಂದ ಬಾತು ಸಾಕಣೆಯ ಕುರಿತು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾವು ಬದಿಯಡ್ಕದ ಸಮೀಪದವರು. ಗಾಡಿಯಲ್ಲಿ ಮರಿಗಳನ್ನು ತಂದು ಮಾರುವವರು ಊರಿಗೆ ಬಂದಿದ್ದಾಗ ಮಗಳ ಹಟಕ್ಕೆ ಮಣಿದು ಮೂರು ಬಾತಿನ ಮರಿಗಳನ್ನು ಕೊಂಡೆವು. ಈಗ ಅವಕ್ಕೆ ಸುಮಾರು ಆರು ವಾರ. ಎರಡು ಮರಿಗಳು ಹಳದಿ ಬಣ್ಣದವು, ಈಗ ಬಿಳಿ ಗರಿ ಬರುತ್ತಿದೆ, ಒಂದು ಕಂದು. ಮೂರರಲ್ಲಿ ಎರಡು ಹೆಣ್ಣು ಎಂದು ಮಾರಿದವರು ಹೇಳಿದ್ದರು. ತಲೆ ದಪ್ಪಗಿರುವುದು ಗಂಡು ಎಂದು ನೆರೆಮನೆಯವರು ಹೇಳುತ್ತಾರೆ. ಬಾಲದ ಗರಿ ಸುರುಳಿಯಾದರೆ ಮಾತ್ರ ಗಂಡು ಎಂದು ನಮ್ಮ ಮಾವನವರ ವಾದ. ಈ ನಡುವೆ ಒಂದು ಬಿಳಿ ಮರಿ ಇಡೀ ತೋಟಕ್ಕೆ ಕೇಳುವಂತೆ ಕೂಗತೊಡಗಿದೆ, ಇನ್ನೊಂದು ಬಿಳಿಯದರ ದನಿ ಶೀತವಾದಂತೆ ಒಡೆದುಹೋಗಿದೆ, ಕಂದು ಮರಿ ಇನ್ನೂ ಪೀಪೀ ಎನ್ನುತ್ತಿದೆ. ದನಿ ಒಡೆದ ಮರಿಗೆ ಮದ್ದು ಕೊಡಬೇಕೆ? ಮೊಟ್ಟೆ ಇಡುವುದು ಯಾವುದು?

ಉತ್ತರ: ಮದ್ದಿನ ಅಗತ್ಯ ಬಹುಶಃ ಇಲ್ಲ. ನೀವು ಕೇಳಿದ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ, ಮತ್ತು ಅದು ನಿಮ್ಮ ಪತ್ರದಲ್ಲೇ ಇದೆ. ತೋಟವಿಡೀ ಕೇಳುವಂತೆ ಕೂಗುವ ಬಿಳಿ ಬಾತು ಹೆಣ್ಣು. ದನಿ ಒಡೆದಿರುವುದು ಹೆಚ್ಚಿನ ಮಟ್ಟಿಗೆ ಗಂಡು. ಕಂದು ಮರಿಯ ವಿಷಯದಲ್ಲಿ ಮಾತ್ರ ಇನ್ನೂ ಕೆಲವು ವಾರ ಕಾಯಬೇಕು.

ಕೋಳಿಗಳಲ್ಲಿ ಕೂಗುವುದು ಹುಂಜವಾದ್ದರಿಂದ ಬಾತಿನಲ್ಲೂ ದೊಡ್ಡ ದನಿಯದೇ ಗಂಡೆಂದು ಭಾವಿಸುವವರು ಬಹಳ ಮಂದಿ ಇದ್ದಾರೆ. ವಾಸ್ತವದಲ್ಲಿ ಇದು ತಿರುವುಮುರುವು. ‘ಕ್ವಾಕ್ ಕ್ವಾಕ್’ ಎಂದು ಗಟ್ಟಿಯಾಗಿ, ಒಂದರ ಹಿಂದೊಂದು ಕೂಗುವುದು ಹೆಣ್ಣು ಬಾತು ಮಾತ್ರ. ಗಂಡಿನದು ಗಂಟಲಿನೊಳಗೇ ಉಳಿದುಹೋಗುವ, ಗರಗರ ಎನ್ನುವ ಮೆಲುದನಿ. ಎಷ್ಟೇ ಗಾಬರಿಯಾದರೂ ಅದಕ್ಕೆ ಹೆಣ್ಣಿನಷ್ಟು ಗಟ್ಟಿಯಾಗಿ ಕೂಗಲು ಬರುವುದಿಲ್ಲ. ಇದರ ಕಾರಣ ದೇಹರಚನೆಯಲ್ಲಿದೆ. ಹಕ್ಕಿಗಳಲ್ಲಿ ದನಿ ಹುಟ್ಟುವುದು ನಮ್ಮಂತೆ ಗಂಟಲಿನ ಮೇಲ್ತುದಿಯಲ್ಲಿ ಅಲ್ಲ, ಉಸಿರುನಾಳವು ಎರಡು ಕವಲಾಗಿ ಶ್ವಾಸಕೋಶಗಳತ್ತ ಹೊರಳುವ ಕಡೆಯಲ್ಲಿ. ಗಂಡು ಬಾತಿನ ಈ ಧ್ವನಿಪೆಟ್ಟಿಗೆಯ ಎಡಬದಿಯಲ್ಲಿ ಎಲುಬಿನಿಂದಾದ ಪೊಳ್ಳು ಗುಳ್ಳೆಯೊಂದು ಉಬ್ಬಿಕೊಂಡಿರುತ್ತದೆ. ಹೆಣ್ಣಿನಲ್ಲಿ ಅದು ಇರುವುದಿಲ್ಲ. ಸ್ವಾರಸ್ಯವೆಂದರೆ ಈ ವ್ಯತ್ಯಾಸ ಮರಿ ಇನ್ನೂ ಮೊಟ್ಟೆಯೊಳಗೆ ಇರುವಾಗಲೇ ಮೂಡಿರುತ್ತದೆ. ಭ್ರೂಣದ ಅಂಡಾಶಯವು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಆ ಗುಳ್ಳೆ ಬೆಳೆಯದಂತೆ ತಡೆಯುತ್ತದೆ. ತಡೆಯುವ ಅಂಡಾಶಯವಿಲ್ಲದ ಗಂಡಿನಲ್ಲಿ ಅದು ತಾನಾಗಿ ಬೆಳೆಯುತ್ತದೆ. ಹಾಗಿದ್ದರೂ ಮೊದಲ ಕೆಲವು ವಾರ ಎರಡೂ ಬಗೆಯ ಮರಿಗಳು ಒಂದೇ ರೀತಿಯಲ್ಲಿ ಪೀಪೀ ಎನ್ನುವುದರಿಂದ ಕಿವಿಗೆ ಏನೂ ತಿಳಿಯುವುದಿಲ್ಲ.

ದನಿ ಒಡೆಯುವ ಕಾಲ ಸಾಮಾನ್ಯವಾಗಿ ನಾಲ್ಕನೆಯ ವಾರದಿಂದ ಆರಂಭವಾಗಿ ಎಂಟು, ಹತ್ತು ವಾರಗಳವರೆಗೆ ನಡೆಯುತ್ತದೆ. ಈ ನಡುಗಾಲದಲ್ಲಿ ಒಂದು ಎಚ್ಚರ ಬೇಕು. ಗಟ್ಟಿಯಾದ ಕೂಗು ಒಮ್ಮೆ ಸ್ಪಷ್ಟವಾಗಿ ಕೇಳಿಸಿತೆಂದರೆ ಅದು ಹೆಣ್ಣೆಂದು ತೀರ್ಮಾನಿಸಬಹುದು, ಆದರೆ ಕೂಗು ಕೇಳಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಆರು ವಾರದ ಮರಿಯನ್ನು ಗಂಡೆಂದು ಹೇಳಲಾಗದು. ತಡವಾಗಿ ದನಿ ಬದಲಾಗುವ ಹೆಣ್ಣು ಮರಿಗಳು ಇರುತ್ತವೆ, ದನಿ ಬದಲಾಗುವ ಹೊತ್ತಿನಲ್ಲಿ ಕೆಲವು ಹೆಣ್ಣು ಮರಿಗಳ ಕೂಗೂ ಒಡಕೊಡಕಾಗಿ ಕೇಳಿಸುತ್ತದೆ. ನಿಮ್ಮ ಎರಡನೆಯ ಬಿಳಿ ಮರಿಯನ್ನು ‘ಹೆಚ್ಚಿನ ಮಟ್ಟಿಗೆ ಗಂಡು’ ಎಂದು ಬರೆದದ್ದು ಇದೇ ಕಾರಣದಿಂದ. ಹತ್ತು ವಾರ ತುಂಬಿದ ಮೇಲೂ ದನಿ ಗರಗರ ಎಂದೇ ಉಳಿದರೆ ಆಗ ಸಂಶಯ ಉಳಿಯುವುದಿಲ್ಲ.

ಪರೀಕ್ಷಿಸುವ ಕ್ರಮ ಸುಲಭ. ಮೂರೂ ಒಟ್ಟಿಗೆ ತೋಟದ ಕಣಿಯಲ್ಲಿ ಮೇಯುವಾಗ ಯಾವ ದನಿ ಯಾವುದರದ್ದೆಂದು ತಿಳಿಯುವುದು ಕಷ್ಟ. ಒಂದು ಹೆಣ್ಣು ಕೂಗಿದರೆ ಉಳಿದೆರಡರ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಒಂದೊಂದನ್ನೇ ಎತ್ತಿಕೊಂಡು ಉಳಿದವು ಕಾಣದಷ್ಟು ದೂರಕ್ಕೆ, ಹಟ್ಟಿಯ ಹಿಂಬದಿಗೋ ಜಗಲಿಗೋ ಕೊಂಡೊಯ್ದು ಕೆಳಗೆ ಬಿಡಿ. ಜೊತೆ ತಪ್ಪಿದ ಬಾತು ಸ್ವಲ್ಪ ಹೊತ್ತಿನಲ್ಲೇ ಕರೆಯಲು ತೊಡಗುತ್ತದೆ. ಆ ಕರೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿಟ್ಟುಕೊಂಡು ವಾರ ಬಿಟ್ಟು ಮತ್ತೆ ಹೋಲಿಸಿ ನೋಡಿದರೆ ಬದಲಾವಣೆ ಸ್ಪಷ್ಟವಾಗುತ್ತದೆ. ಮಗಳಿಗೆ ಒಪ್ಪಿಸಬಹುದಾದ ಕೆಲಸ ಇದು. ಎತ್ತುವಾಗ ಎರಡೂ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿದು ಎದೆಯ ಅಡಿಗೆ ಅಂಗೈ ಕೊಡಬೇಕು. ಕೋಳಿಯನ್ನು ಹಿಡಿಯುವಂತೆ ಕಾಲು ಹಿಡಿದು ತೂಗಿಸಬಾರದು, ಬಾತಿನ ಕಾಲು ಅಷ್ಟು ಭಾರ ತಡೆಯುವಂಥದ್ದಲ್ಲ. ಎರಡು ಬಿಳಿ ಮರಿಗಳು ಒಂದೇ ತೆರನಾಗಿರುವುದರಿಂದ ಗುರುತಿಗೆ ಕಾಲಿಗೆ ಬಣ್ಣದ ಬಳೆ ಹಾಕುವುದಾದರೆ ಸಡಿಲವಾಗಿ ಹಾಕಿ, ವಾರಕ್ಕೊಮ್ಮೆ ನೋಡುತ್ತಿರಿ. ಬೆಳೆಯುವ ಕಾಲಿನಲ್ಲಿ ಬಿಗಿಯಾದ ನೂಲು ಮಾಂಸದೊಳಕ್ಕೆ ಇಳಿದುಬಿಡುತ್ತದೆ.

ಶೀತದ ಭಯದ ಬಗ್ಗೆ ಎರಡು ಮಾತು. ಗಂಡು ಮರಿಯ ದನಿ ಒಡೆದದ್ದು ಅದು ದನಿ ತೆಗೆದಾಗ ಮಾತ್ರ ಗೊತ್ತಾಗುತ್ತದೆ. ಸುಮ್ಮನೆ ಕುಳಿತಿರುವಾಗ ಅದರ ಉಸಿರಾಟ ನಿಶ್ಶಬ್ದವಾಗಿರುತ್ತದೆ, ಅದು ಉಳಿದವುಗಳಂತೆಯೇ ತಿಂದು ಈಜಿಕೊಂಡಿರುತ್ತದೆ. ಅದರ ಬದಲು ಪ್ರತಿ ಉಸಿರಿಗೂ ಸದ್ದು ಬರುವುದು, ಕೊಕ್ಕು ತೆರೆದು ಉಸಿರಾಡುವುದು, ಮೂಗಿನ ಹೊಳ್ಳೆಯಲ್ಲಿ ಸಿಂಬಳ, ಕಣ್ಣಿನಲ್ಲಿ ನೊರೆ, ಮೇವು ಬಿಟ್ಟು ಮುದುರಿ ಕೂರುವುದು ಕಂಡುಬಂದರೆ ಅದು ಕಾಯಿಲೆ. ಆಗ ಮರಿಯನ್ನು ಬೇರ್ಪಡಿಸಿ ಹತ್ತಿರದ ಮೃಗಾಸ್ಪತ್ರೆಗೆ ತೋರಿಸಬೇಕು.

ಇನ್ನು ನೆರೆಮನೆಯವರ ಮತ್ತು ಮಾವನವರ ವಾದ. ಇಬ್ಬರದೂ ತಪ್ಪಲ್ಲ, ಆದರೆ ನಿಮ್ಮ ಮರಿಗಳಿಗೆ ಈಗ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಒಂದೇ ತಳಿಯ, ಒಂದೇ ದಿನ ಒಡೆದ ಮರಿಗಳಲ್ಲಿ ಗಂಡಿನ ತಲೆ ದೊಡ್ಡದಾಗಿಯೂ ಕುತ್ತಿಗೆ ದಪ್ಪವಾಗಿಯೂ ಇರುವುದು ನಿಜ. ಆದರೆ ಗಾಡಿಯಲ್ಲಿ ಮಾರಾಟಕ್ಕೆ ಬರುವ ಮರಿಗಳಲ್ಲಿ ಮಾಂಸಕ್ಕಾಗಿ ಸಾಕುವ ಪೆಕಿನ್, ವಿಗೋವಾದಂತಹ ಬಿಳಿ ತಳಿಗಳೂ ಕುಟ್ಟನಾಡಿನ ಚಾರ, ಚೆಂಬಲ್ಲಿಯಂತಹ ನಾಟಿ ಬಾತುಗಳೂ ಇವುಗಳ ಬೆರಕೆಗಳೂ ಕಲೆತಿರುತ್ತವೆ. ಭಾರಿ ತಳಿಯ ಹೆಣ್ಣು ಮರಿಯ ತಲೆ ನಾಟಿ ಗಂಡಿನದಕ್ಕಿಂತ ದೊಡ್ಡದಾಗಿರುವುದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಕಂದು ಮರಿಯನ್ನು ಬಿಳಿಯವುಗಳ ಪಕ್ಕದಲ್ಲಿ ನಿಲ್ಲಿಸಿ ಗಾತ್ರದಿಂದ ಏನನ್ನೂ ತೀರ್ಮಾನಿಸಬೇಡಿ.

ಸುರುಳಿ ಗರಿ ದನಿಯ ನಂತರದ ಒಳ್ಳೆಯ ಗುರುತು. ಬಾಲದ ಬುಡದ ಮೇಲ್ಭಾಗದಲ್ಲಿ ಒಂದೆರಡು, ಕೆಲವೊಮ್ಮೆ ಮೂರು ನಾಲ್ಕು ಗರಿಗಳು ಮೇಲಕ್ಕೆದ್ದು ಬೆನ್ನಿನ ಕಡೆಗೆ ಬಾಗಿ ಸುರುಳಿಯಾಗುತ್ತವೆ, ಅದು ಗಂಡಿಗೆ ಮಾತ್ರ. ಆದರೆ ಅದು ಮೂಡುವುದು ಮರಿಗರಿ ಉದುರಿ ದೊಡ್ಡ ಗರಿಗಳು ಬರುವಾಗ, ಅಂದರೆ ಸುಮಾರು ಮೂರರಿಂದ ನಾಲ್ಕು ತಿಂಗಳ ಪ್ರಾಯದಲ್ಲಿ. ಆರು ವಾರದ ಮರಿಯ ಬಾಲದಲ್ಲಿ ಸುರುಳಿ ಹುಡುಕುವುದು ವ್ಯರ್ಥ. ನೀರು ತಗಲಿ ಮಡಚಿಕೊಂಡ ಗರಿಯನ್ನು ಸುರುಳಿಯೆಂದು ಭ್ರಮಿಸುವುದೂ ಉಂಟು. ಮೈ ಒಣಗಿದ ಮೇಲೆ ನೋಡಿ.

ಕಂದು ಮರಿಯಲ್ಲಿ ಬಿಳಿಯವುಗಳಲ್ಲಿ ಇಲ್ಲದ ಅನುಕೂಲವೊಂದಿದೆ. ಬಿಳಿ ತಳಿಯಲ್ಲಿ ಗಂಡು, ಹೆಣ್ಣು ಎರಡರ ಮೈಯೂ ಬಿಳಿ, ಕೊಕ್ಕೂ ಕಾಲೂ ಕಿತ್ತಳೆ ಛಾಯೆಯ ಹಳದಿ. ಬಣ್ಣದಿಂದ ಎಂದಿಗೂ ಗುರುತು ಸಿಗದು. ಕಂದು ಅಥವಾ ಕಾಡು ಬಾತಿನ ಬಣ್ಣದವುಗಳಲ್ಲಿ ಆರರಿಂದ ಹತ್ತು ವಾರಗಳ ನಡುವೆ ಗಂಡಿನ ಕೊಕ್ಕು ಹಸಿರು ಬೆರೆತ ಹಳದಿಯತ್ತ ತಿರುಗುತ್ತದೆ, ಹೆಣ್ಣಿನ ಕೊಕ್ಕಿನಲ್ಲಿ ಕಿತ್ತಳೆ ಅಥವಾ ಕಂದು ನೆಲದ ಮೇಲೆ ಕಪ್ಪು ಮಚ್ಚೆಗಳು ಉಳಿಯುತ್ತವೆ. ಮೂರು ನಾಲ್ಕು ತಿಂಗಳಾದಾಗ ಗಂಡಿನ ತಲೆ ಮತ್ತು ಕುತ್ತಿಗೆಗೆ ಮಿರುಗುವ ಹಸಿರುಗಪ್ಪು ಬರುತ್ತದೆ. ಚಾರ ಗಂಡಿನಲ್ಲಿ ಈ ಮಿರುಗು ಎದ್ದು ಕಾಣುತ್ತದೆ, ಚೆಂಬಲ್ಲಿಯಲ್ಲಿ ಅಷ್ಟಿಲ್ಲ. ಬೆರಕೆಯಲ್ಲಿ ಈ ಬಣ್ಣಗಳು ಮಸುಕಾಗಿರಬಹುದಾದ್ದರಿಂದ ಕೊಕ್ಕಿನ ಬಣ್ಣವನ್ನು ದನಿಗೆ ಪೂರಕ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ. ಒಂದರ ಮೇಲೊಂದು ಏರುವುದನ್ನು ನೋಡಿ ಏರಿದ್ದೇ ಗಂಡೆಂದು ಹೇಳುವುದು ಸರಿಯಲ್ಲ, ಹೆಣ್ಣು ಬಾತುಗಳೂ ನೀರಿನಲ್ಲಿ ಹಾಗೆ ಮಾಡುತ್ತವೆ.

ಮೊಟ್ಟೆಗೆ ಅವಸರ ಬೇಡ. ಐದಾರು ತಿಂಗಳು ತುಂಬಿದ ಮೇಲೆ ಹೆಣ್ಣು ಬಾತು ಮೊಟ್ಟೆ ಇಡಲಾರಂಭಿಸುತ್ತದೆ. ಬಾತುಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲೇ ಇಡುವುದರಿಂದ ಬೆಳಗ್ಗೆ ಒಂಬತ್ತರವರೆಗೆ ಗೂಡಿನಿಂದ ಹೊರಗೆ ಬಿಡದಿದ್ದರೆ ಮೊಟ್ಟೆ ತೋಡಿನ ಪಾಲಾಗುವುದಿಲ್ಲ. ಮೊಟ್ಟೆ ಇಡಲು ಗಂಡು ಬೇಕೆಂದಿಲ್ಲ. ಗಂಡು ಬೇಕಾಗುವುದು ಮರಿಯೊಡೆಯುವ ಮೊಟ್ಟೆಗೆ ಮಾತ್ರ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕಂದು ಮರಿಯೂ ಗಂಡಾದರೆ ಎರಡು ಗಂಡಿಗೆ ಒಂದು ಹೆಣ್ಣು ಎಂದಾಗುತ್ತದೆ. ಪ್ರಾಯಕ್ಕೆ ಬಂದ ಗಂಡು ಬಾತುಗಳು ಕೂಡುವಾಗ ಹೆಣ್ಣಿನ ತಲೆಯ ಹಿಂಬದಿಯ ಗರಿಗಳನ್ನು ಕೊಕ್ಕಿನಿಂದ ಕಚ್ಚಿ ಹಿಡಿಯುತ್ತವೆ. ಎರಡು ಗಂಡುಗಳು ಒಂದೇ ಹೆಣ್ಣಿನ ಬೆನ್ನುಹತ್ತಿದರೆ ಅದರ ಕುತ್ತಿಗೆ, ಬೆನ್ನು ಬೋಳಾಗಿ ಗಾಯವಾಗುತ್ತದೆ, ಆಳದ ನೀರಿನಲ್ಲಿ ಮುಳುಗಿ ಸಾಯುವುದೂ ಇದೆ. ಒಂದು ಗಂಡಿಗೆ ಐದಾರು ಹೆಣ್ಣು ಎಂಬುದು ಸಾಕಣೆಯಲ್ಲಿ ಒಪ್ಪಿತವಾದ ಲೆಕ್ಕ. ನಿಮ್ಮಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಹೆಚ್ಚುವರಿ ಗಂಡನ್ನು ಬೇರೆಯವರಿಗೆ ಕೊಡುವುದೇ ಲೇಸು. ಮಗಳಿಗೆ ಈಗಲೇ ಅದನ್ನು ತಿಳಿಸಿಟ್ಟರೆ ಮುಂದೆ ಕಣ್ಣೀರು ಕಡಿಮೆ.

ಪ್ರಶ್ನೆ: ಕುಂಬಳೆಯ ಕಡೆ ನಮ್ಮಲ್ಲಿ ಮಣಿತಾರಾವು ಎಂದು ಕರೆಯುವ, ಮುಖದಲ್ಲಿ ಕೆಂಪು ಗಂಟುಗಳಿರುವ ದೊಡ್ಡ ಬಾತುಗಳಿವೆ. ಇವುಗಳ ಮರಿಗಳಿಗೆ ಎರಡೂವರೆ ತಿಂಗಳಾಗಿದೆ. ಒಂದೂ ಕ್ವಾಕ್ ಎನ್ನುವುದಿಲ್ಲ, ಒಂದಕ್ಕೂ ಸುರುಳಿ ಗರಿ ಬಂದಿಲ್ಲ. ಎಲ್ಲವೂ ಗಂಡೇ ಎಂದು ತಿಳಿಯಬೇಕೆ?

ಉತ್ತರ: ಖಂಡಿತ ಇಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ದನಿ, ಸುರುಳಿ, ಕೊಕ್ಕಿನ ಬಣ್ಣದ ಯಾವ ನಿಯಮವೂ ನಿಮ್ಮ ಬಾತುಗಳಿಗೆ ಅನ್ವಯಿಸುವುದಿಲ್ಲ. ಮಸ್ಕೋವಿ ಎಂಬ ಹೆಸರಿನ ಇವು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲದ ಬೇರೆಯೇ ಜಾತಿ. ಪೆಕಿನ್, ಖಾಕಿ ಕ್ಯಾಂಪ್‌ಬೆಲ್, ನಮ್ಮ ನಾಟಿ ಬಾತುಗಳೆಲ್ಲವೂ ಉತ್ತರಾರ್ಧಗೋಳದ ಮ್ಯಾಲರ್ಡ್ ಎಂಬ ಕಾಡು ಬಾತಿನ ಸಂತತಿ. ಮಸ್ಕೋವಿ ಹೆಣ್ಣು ಕೂಗುವುದೇ ಇಲ್ಲ ಎನ್ನಬಹುದು, ಅದರದು ಸಣ್ಣಗೆ ಏರಿಳಿಯುವ ಕಿರುದನಿ. ಗಂಡು ಬುಸುಗುಟ್ಟುತ್ತದೆ. ಸುರುಳಿ ಗರಿ ಗಂಡಿಗೂ ಬರುವುದಿಲ್ಲ.

ಆದರೆ ಮ್ಯಾಲರ್ಡ್ ಸಂತತಿಯಲ್ಲಿ ನೆಚ್ಚಲಾಗದ ಗಾತ್ರವೇ ಇಲ್ಲಿ ಅತ್ಯುತ್ತಮ ಗುರುತು. ಪೂರ್ಣ ಬೆಳೆದ ಗಂಡು ಮಸ್ಕೋವಿ 4.5ರಿಂದ 6 ಕಿಲೋ ತೂಗಿದರೆ ಹೆಣ್ಣು 2ರಿಂದ 3 ಕಿಲೋ ಮಾತ್ರ. ಒಂದೇ ಕಾವಿನಲ್ಲಿ ಒಡೆದ ಮರಿಗಳನ್ನು ಎರಡೂವರೆ ತಿಂಗಳಲ್ಲಿ ತಕ್ಕಡಿಗೆ ಹಾಕಿದರೆ ಅವು ಎರಡು ಗುಂಪಾಗಿ ಒಡೆಯುವುದು ಕಣ್ಣಿಗೇ ಕಾಣುತ್ತದೆ, ನಡುವಿನ ತೂಕದವು ಬಹಳ ವಿರಳ. ತಕ್ಕಡಿ ಇಲ್ಲದವರು ಕಾಲನ್ನು ನೋಡಬಹುದು: ಗಂಡಿನ ಕಾಲು ದಪ್ಪ, ಪಾದ ಅಗಲ. ಮುಖದ ಕೆಂಪು ಗಂಟುಗಳು ಎರಡಕ್ಕೂ ಬರುತ್ತವೆ, ಗಂಡಿನಲ್ಲಿ ಬೇಗ ಬಂದು ಕಣ್ಣಿನ ಸುತ್ತಲೂ ಕೊಕ್ಕಿನ ಬುಡದಲ್ಲೂ ದಟ್ಟವಾಗಿ ಹರಡುತ್ತವೆ. ಸಂಜೆ ಬೇಲಿ ಹಾರಿ ಮಾಡಿನ ಮೇಲೆ ಕೂರುವುದು ಹೆಚ್ಚಾಗಿ ಹೆಣ್ಣು, ಏಕೆಂದರೆ ಮೈಭಾರದ ಗಂಡಿಗೆ ಹಾರಾಟ ಅಷ್ಟು ಸಲೀಸಲ್ಲ. ಒಂದು ಅಪವಾದವನ್ನು ನೆನಪಿಡಿ. ಮಣಿತಾರಾವು ಗಂಡಿಗೂ ನಾಟಿ ಹೆಣ್ಣಿಗೂ ಹುಟ್ಟಿದ ಬೆರಕೆ ಮರಿಗಳಲ್ಲಿ ಗಂಡು, ಹೆಣ್ಣಿನ ಗಾತ್ರದ ಅಂತರ ಹೆಚ್ಚಿರುವುದಿಲ್ಲ. ಆ ಬೆರಕೆಗಳಿಗೆ ಸಂತಾನವೂ ಆಗುವುದಿಲ್ಲವಾದ್ದರಿಂದ ಮರಿಗಾಗಿ ಸಾಕುವವರು ಎರಡು ಜಾತಿಗಳನ್ನು ಒಂದೇ ಗೂಡಿನಲ್ಲಿ ಇಡದಿರುವುದು ಒಳ್ಳೆಯದು.

ಪ್ರಶ್ನೆ: ಮಂಜೇಶ್ವರದ ಬಳಿ ಮೊಟ್ಟೆಗಾಗಿ ಇಪ್ಪತ್ತು ಬಾತುಗಳನ್ನು ಸಾಕಬೇಕೆಂದಿದ್ದೇನೆ. ಒಂದು ದಿನದ ಮರಿಯನ್ನು ತಲೆಕೆಳಗಾಗಿ ಹಿಡಿದು ಗುದದ್ವಾರವನ್ನು ಬಿಡಿಸಿ ಗಂಡು ಹೆಣ್ಣು ಹೇಳುವ ವೀಡಿಯೊಗಳನ್ನು ನೋಡಿದೆ. ನಾವೇ ಕಲಿತು ಮಾಡಬಹುದೆ? ಬೇರೆ ಯಾವ ದಾರಿಗಳಿವೆ?

ಉತ್ತರ: ಆ ಕ್ರಮ ನಿಜವಾದದ್ದೇ. ಹೆಚ್ಚಿನ ಹಕ್ಕಿಗಳಲ್ಲಿ ಗಂಡಿಗೆ ಹೊರಚಾಚುವ ಜನನಾಂಗ ಇರುವುದಿಲ್ಲ. ಬಾತು, ಹೆಬ್ಬಾತುಗಳು ಇದಕ್ಕೆ ಅಪವಾದವಾದ ಕೆಲವೇ ಕುಲಗಳಲ್ಲಿ ಸೇರಿವೆ. ಆದ್ದರಿಂದ ಒಂದೆರಡು ದಿನದ ಮರಿಯ ಗುದದ್ವಾರವನ್ನು ಹೆಬ್ಬೆರಳುಗಳಿಂದ ಮೆಲ್ಲನೆ ಬಿಡಿಸಿದಾಗ ಗಂಡಿನಲ್ಲಿ ಸಣ್ಣ ಮೊಳಕೆಯಷ್ಟು ಅಂಗ ಹೊರಗೆ ಕಾಣುತ್ತದೆ, ಹೆಣ್ಣಿನಲ್ಲಿ ಕಾಣುವುದಿಲ್ಲ. ಕೋಳಿಮರಿಗಳಲ್ಲಿ ಇದೇ ಬಗೆಯ ಪರೀಕ್ಷೆಯನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಕ್ರಮಬದ್ಧವಾಗಿ ರೂಪಿಸಿದರು. ಕೋಳಿಮರಿಯಲ್ಲಿ ಕಾಣಬೇಕಾದದ್ದು ಅತಿ ಸೂಕ್ಷ್ಮವಾದ ಉಬ್ಬು ಮಾತ್ರವಾದ್ದರಿಂದ ಅದಕ್ಕೆ ದೀರ್ಘ ತರಬೇತಿ ಬೇಕು, ಬಾತಿನಲ್ಲಿ ಅಷ್ಟು ಕಷ್ಟವಿಲ್ಲ.

ಹಾಗಿದ್ದರೂ ವೀಡಿಯೊ ನೋಡಿ ಕಲಿಯಲು ನಾನು ಸಲಹೆ ಕೊಡುವುದಿಲ್ಲ. ಆಗತಾನೇ ಒಡೆದ ಮರಿಯ ಹೊಟ್ಟೆಯೊಳಗೆ ಹಳದಿ ಭಂಡಾರದ ಚೀಲ ಇನ್ನೂ ಕರಗದೆ ಉಳಿದಿರುತ್ತದೆ. ಅನುಭವವಿಲ್ಲದ ಕೈ ಒತ್ತಿದರೆ ಆ ಚೀಲ ಒಡೆದೋ ಒಳಗೆ ರಕ್ತಸ್ರಾವವಾಗಿಯೋ ಮರಿ ಸಾಯಬಹುದು, ಇಲ್ಲವೇ ಗುದದ್ವಾರಕ್ಕೆ ಶಾಶ್ವತವಾದ ಊನವಾಗಬಹುದು. ಇದರ ಜೊತೆಗೆ, ಭಯದಿಂದ ಸಾಕಷ್ಟು ಬಿಡಿಸದಿದ್ದರೆ ಗಂಡಿನ ಅಂಗ ಹೊರಬರುವುದೇ ಇಲ್ಲ, ಮರಿ ಹೆಣ್ಣಿನ ಬುಟ್ಟಿಗೆ ಬೀಳುತ್ತದೆ. ಅಂದರೆ ಕಲಿಯುವವರ ತಪ್ಪು ಎರಡೂ ಕಡೆಗೆ ಸಮನಾಗಿ ಹಂಚಿಹೋಗುವುದಿಲ್ಲ. ಹೆಣ್ಣೆಂದು ವಿಂಗಡಿಸಿದ ಗುಂಪಿನಲ್ಲೇ ಗಂಡುಗಳು ಉಳಿದುಕೊಳ್ಳುತ್ತವೆ. ಮೊಟ್ಟೆಗಾಗಿ ಹೆಣ್ಣನ್ನು ಕೊಳ್ಳುವವರಿಗೆ ನಷ್ಟವಾಗುವುದು ಇಲ್ಲಿಯೇ. ಮಾರುವವರು ‘ಎಲ್ಲವೂ ಹೆಣ್ಣು’ ಎಂದಾಗ ಅದನ್ನು ಯಾರು, ಯಾವ ಕ್ರಮದಿಂದ ವಿಂಗಡಿಸಿದರು ಎಂದು ಕೇಳಿ. ಮೊಟ್ಟೆ ಬಾತು ಸಾಕುವವರು ಹೆಣ್ಣು ಮರಿಗಳನ್ನು ಮೊದಲೇ ಆರಿಸಿಕೊಂಡು ಹೋಗಿದ್ದರೆ ಉಳಿದ ತಂಡದಲ್ಲಿ ಗಂಡೇ ಹೆಚ್ಚಿರುವುದು ಸಹಜ.

ಬಣ್ಣದಿಂದಲೇ ಮೊದಲ ದಿನ ಗುರುತಿಸುವ ದಾರಿಯೊಂದಿದೆ, ಆದರೆ ಅದು ಗೊತ್ತಾದ ತಂದೆ ತಾಯಿಗಳ ಮರಿಗಳಿಗೆ ಮಾತ್ರ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್ ವರ್ಣತಂತುಗಳು, ಹೆಣ್ಣಿಗೆ ಒಂದು ಝಡ್ ಮತ್ತು ಒಂದು ಡಬ್ಲ್ಯು. ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯಿಂದ ಬರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಮೈಬಣ್ಣವನ್ನು ತಿಳಿಗೊಳಿಸುವ ಗುಣ ಈ ಝಡ್ ತಂತುವಿನ ಮೇಲಿದೆ, ಅದು ಹಿಂಜರಿಯುವ ಗುಣ, ಅಂದರೆ ಗಾಢ ಬಣ್ಣದ ಗುಣ ಜೊತೆಗಿದ್ದರೆ ಮರೆಯಾಗಿಬಿಡುತ್ತದೆ. ಖಾಕಿ ಗಂಡನ್ನು ಆ ಗುಣವಿಲ್ಲದ ಗಾಢ ಬಣ್ಣದ ಹೆಣ್ಣಿನ ಜೊತೆ ಕೂಡಿಸಿದರೆ ಹೆಣ್ಣು ಮರಿಗೆ ಝಡ್ ಬರುವುದು ತಂದೆಯಿಂದ ಮಾತ್ರವಾದ್ದರಿಂದ ಅದು ತಿಳಿ ಬಣ್ಣದ್ದಾಗುತ್ತದೆ. ಗಂಡು ಮರಿಗೆ ತಾಯಿಯ ಗಾಢ ಗುಣವೂ ಸಿಗುವುದರಿಂದ ಅದು ಗಾಢ ಬಣ್ಣದ್ದಾಗುತ್ತದೆ. ಜೋಡಿಯನ್ನು ತಿರುಗಿಸಿ, ಗಾಢ ಬಣ್ಣದ ಗಂಡಿಗೆ ಖಾಕಿ ಹೆಣ್ಣನ್ನು ಕೂಡಿಸಿದರೆ ಈ ಲಾಭ ಇಲ್ಲ, ಎಲ್ಲ ಮರಿಗಳೂ ಗಾಢವಾಗಿಯೇ ಹುಟ್ಟುತ್ತವೆ. ಬಿಳಿ ಬಾತನ್ನು ಬೆರೆಸಿದಲ್ಲಿ ಬಣ್ಣವೇ ಮುಚ್ಚಿಹೋಗುವುದರಿಂದ ಲೆಕ್ಕ ಕೆಡುತ್ತದೆ. ವರ್ಷಕ್ಕೆ 280ರಿಂದ 300 ಮೊಟ್ಟೆ ಇಡಬಲ್ಲ ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆಗೆ ಹೆಸರಾದ ತಳಿಯಾದ್ದರಿಂದ, ಮುಂದೆ ನೀವೇ ಮರಿ ಮಾಡಿಸುವ ಯೋಚನೆ ಇದ್ದರೆ ಈ ಜೋಡಣೆಯನ್ನು ಪ್ರಯತ್ನಿಸಬಹುದು.

ಡಿಎನ್‌ಎ ಪರೀಕ್ಷೆ ಎಲ್ಲಕ್ಕಿಂತ ಖಚಿತ. ಆಗತಾನೇ ಕಿತ್ತ ಗರಿಯ ಬುಡ ಅಥವಾ ಒಂದು ಹನಿ ರಕ್ತ ಸಾಕು, ಪ್ರಾಯ ಎಷ್ಟೇ ಆಗಿರಲಿ ಉತ್ತರ ಸಿಗುತ್ತದೆ. ಝಡ್ ಮತ್ತು ಡಬ್ಲ್ಯು ತಂತುಗಳೆರಡರಲ್ಲೂ ಇರುವ ಒಂದೇ ಜೀನಿನ ಉದ್ದದ ವ್ಯತ್ಯಾಸವನ್ನು ನೋಡಿ ಹೇಳುವ ಈ ವಿಧಾನ 1990ರ ದಶಕದಲ್ಲಿ ಬಳಕೆಗೆ ಬಂತು. ಬೆಲೆಬಾಳುವ ಗಿಳಿಗಳನ್ನು ಸಾಕುವವರಿಗೆ ಅದು ಸರಿ. ಮೊಟ್ಟೆ ಬಾತಿಗೆ ಆ ಖರ್ಚು ಹುಟ್ಟುವುದಿಲ್ಲ.

ನಿಮಗೆ ನನ್ನ ಸಲಹೆ ಇಷ್ಟೇ: ಒಂದು ದಿನದ ಮರಿಗಳ ಬದಲು ಎರಡೂವರೆ ಮೂರು ತಿಂಗಳು ಬೆಳೆದ ಬಾತುಗಳನ್ನು, ದನಿ ಒಡೆದ ಮೇಲೆ, ನೀವೇ ಹೋಗಿ ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳಿ ಕೊಳ್ಳಿ. ಹಿಡಿದಾಗ ಹೆಣ್ಣು ಗಟ್ಟಿಯಾಗಿ ಪ್ರತಿಭಟಿಸುತ್ತದೆ, ಗಂಡು ಗರಗರ ಎಂದು ಸುಮ್ಮನಾಗುತ್ತದೆ. ಬೆಲೆ ಹೆಚ್ಚಾದರೂ ಮರಿಗಳ ಸಾವು ನೋವು, ಗಂಡುಗಳಿಗೆ ತಿಂಗಳುಗಟ್ಟಲೆ ಹಾಕಿದ ತೌಡು ಮತ್ತು ಮೇವಿನ ಖರ್ಚು ಉಳಿಯುತ್ತದೆ. ಮರಿಗಳನ್ನೇ ಕೊಳ್ಳುವುದಾದರೆ ವಿಂಗಡಿಸದ ತಂಡದಲ್ಲಿ ಅರ್ಧದಷ್ಟು ಗಂಡೆಂದು ಎಣಿಸಿ, ಇಪ್ಪತ್ತು ಹೆಣ್ಣು ಬೇಕಿದ್ದರೆ ನಲ್ವತ್ತು ಕೊಳ್ಳಬೇಕಾದೀತು. ಸಣ್ಣ ಸಂಖ್ಯೆಯಲ್ಲಿ ಅದೃಷ್ಟದ ಪಾಲು ಇನ್ನೂ ಹೆಚ್ಚು: ಮೂರೇ ಮರಿ ಕೊಂಡವರಲ್ಲಿ ಎಂಟರಲ್ಲಿ ಒಬ್ಬರಿಗೆ ಮೂರೂ ಗಂಡೇ ಸಿಗುತ್ತವೆ.

ಪ್ರಶ್ನೆ: ಮೊಟ್ಟೆಯ ತುದಿ ಚೂಪಾಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು ಎನ್ನುತ್ತಾರೆ. ದಾರಕ್ಕೆ ಸೂಜಿ ಕಟ್ಟಿ ಮರಿಯ ಮೇಲೆ ಹಿಡಿದರೆ ಅದು ತಿರುಗುವ ರೀತಿಯಿಂದಲೂ ತಿಳಿಯುತ್ತದಂತೆ. ನಂಬಬಹುದೆ?

ಉತ್ತರ: ನಂಬಬೇಡಿ. ಮೊಟ್ಟೆಯ ಆಕಾರ ಇಡುವ ಬಾತಿನ ದೇಹದಿಂದ ಬರುತ್ತದೆ, ಒಂದು ಬಾತು ಸಾಮಾನ್ಯವಾಗಿ ಒಂದೇ ಆಕಾರದ ಮೊಟ್ಟೆಗಳನ್ನು ಇಡುತ್ತದೆ; ಅವುಗಳಿಂದ ಗಂಡೂ ಹೆಣ್ಣೂ ಒಡೆಯುತ್ತವೆ. ಸೂಜಿಯನ್ನು ತಿರುಗಿಸುವುದು ಹಿಡಿದವರ ಬೆರಳು. ಇಂಥ ಪರೀಕ್ಷೆಗಳು ಅರ್ಧದಷ್ಟು ಸಲ ಸರಿಯಾಗಿ ಬರುವುದರಿಂದಲೇ ಬಾಳಿಕೊಂಡು ಬಂದಿವೆ.

ಪ್ರಶ್ನೆ: ಮುಳ್ಳೇರಿಯದಲ್ಲಿ ನಮ್ಮ ಮನೆಯ ಗಂಡು ಬಾತಿಗೆ ಎರಡು ವರ್ಷವಾಗಿದೆ. ತಲೆ ಹಸಿರಾಗಿ ಮಿರುಗುತ್ತಿತ್ತು, ಬಾಲದಲ್ಲಿ ಎರಡು ಸುರುಳಿ ಗರಿಗಳಿದ್ದವು. ಈಗ ತಲೆಯ ಬಣ್ಣ ಹೋಗಿ ಹೆಣ್ಣಿನಂತೆ ಕಂದಾಗಿದೆ, ಸುರುಳಿಗಳೂ ಉದುರಿವೆ. ಬಾತು ಹೆಣ್ಣಾಗಿ ಮಾರ್ಪಟ್ಟಿದೆ, ಇನ್ನು ಮೊಟ್ಟೆ ಇಡಬಹುದು ಎಂದು ಊರಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಹೀಗೂ ಆಗುತ್ತದೆಯೆ?

ಉತ್ತರ: ನಿಮ್ಮ ಬಾತು ಗಂಡಾಗಿಯೇ ಇದೆ, ಅದರಿಂದ ಮೊಟ್ಟೆ ನಿರೀಕ್ಷಿಸಬೇಡಿ. ಮ್ಯಾಲರ್ಡ್ ಸಂತತಿಯ ಗಂಡುಗಳು ಕೂಡುವ ಕಾಲ ಮುಗಿದ ಮೇಲೆ ಮಿರುಗುವ ಗರಿಗಳನ್ನೆಲ್ಲ ಉದುರಿಸಿ ಕೆಲವು ಕಾಲ ಹೆಣ್ಣಿನಂಥ ಮಸುಕು ಬಣ್ಣವನ್ನು ತಳೆಯುತ್ತವೆ. ಕಾಡು ಬಾತುಗಳಲ್ಲಿ ಇದೇ ಅವಧಿಯಲ್ಲಿ ರೆಕ್ಕೆಯ ದೊಡ್ಡ ಗರಿಗಳೂ ಒಮ್ಮೆಗೇ ಉದುರಿ ಕೆಲವು ವಾರ ಹಾರಲಾಗದ ಸ್ಥಿತಿ ಬರುತ್ತದೆ. ಆಗ ಕಣ್ಣಿಗೆ ಬೀಳದ ಬಣ್ಣವಿದ್ದರೆ ಬದುಕಿ ಉಳಿಯುವುದು ಸುಲಭ. ಮನೆಯ ಬಾತು ಹಾರಬೇಕಾಗಿಲ್ಲದಿದ್ದರೂ ಆ ಕ್ರಮ ಅದರ ಮೈಯಲ್ಲಿ ಉಳಿದುಬಂದಿದೆ. ಮತ್ತೊಮ್ಮೆ ಗರಿ ಬದಲಾದಾಗ ಹಸಿರೂ ಸುರುಳಿಯೂ ಮರಳುತ್ತವೆ.

ಊರಿನವರು ಹೇಳಿದ್ದಕ್ಕೆ ಪೂರ್ತಿ ಆಧಾರವಿಲ್ಲವೆಂದಲ್ಲ, ಆದರೆ ನಡೆಯುವುದು ಅದರ ವಿರುದ್ಧ ದಿಕ್ಕಿನಲ್ಲಿ. ಬಾತಿನಲ್ಲಿ ಕಂದು ಚುಕ್ಕೆಯ ಹೆಣ್ಣುಗರಿಯನ್ನು ಉಳಿಸಿಕೊಂಡಿರುವುದು ಅಂಡಾಶಯದ ಈಸ್ಟ್ರೋಜನ್. ಹಕ್ಕಿಗಳಲ್ಲಿ ಸಾಮಾನ್ಯವಾಗಿ ಎಡಬದಿಯ ಅಂಡಾಶಯ ಒಂದೇ ಕೆಲಸ ಮಾಡುತ್ತದೆ. ಮುಪ್ಪಿನಿಂದಲೋ ಕಾಯಿಲೆಯಿಂದಲೋ ಅದು ಕೆಟ್ಟರೆ ಮುಂದಿನ ಗರಿ ಬದಲಾವಣೆಯಲ್ಲಿ ಹೆಣ್ಣು ಬಾತಿಗೆ ಹಸಿರು ತಲೆಯೂ ಸುರುಳಿ ಬಾಲವೂ ಬರುವುದುಂಟು. ಮೊಟ್ಟೆ ನಿಂತ ಹಳೆಯ ಹೆಣ್ಣು ಬಾತು ‘ಗಂಡಾದ’ ಕಥೆಗಳ ಹಿಂದೆ ಇರುವ ಸತ್ಯ ಇದು. ಗಂಡು ಬಾತು ಮೊಟ್ಟೆ ಇಡುವ ಹೆಣ್ಣಾಗುವುದಕ್ಕೆ ದೇಹದಲ್ಲಿ ಅಂಥ ದಾರಿಯೇ ಇಲ್ಲ.

ಎರಡೂ ಸಂದರ್ಭಗಳಲ್ಲಿ ಗರಿ ಬದಲಾದರೂ ದನಿ ಬದಲಾಗುವುದಿಲ್ಲ, ಏಕೆಂದರೆ ಮೊಟ್ಟೆಯೊಳಗೇ ರೂಪುಗೊಂಡ ಎಲುಬಿನ ಗುಳ್ಳೆ ಗರಿಯಂತೆ ಉದುರುವಂಥದ್ದಲ್ಲ. ನಿಮ್ಮ ಬಾತನ್ನು ಉಳಿದವುಗಳಿಂದ ಬೇರ್ಪಡಿಸಿ ಕೇಳಿ ನೋಡಿ. ಹಿಂದಿನಂತೆ ಗರಗರ ಎಂದರೆ ಚಿಂತೆಗೆ ಕಾರಣವಿಲ್ಲ. ಗರಿ ಹುಟ್ಟುವ ಕಾಲದಲ್ಲಿ ಬರಿಯ ತೌಡು, ಅನ್ನ ಸಾಲದು, ಸಣ್ಣ ಮೀನು, ಬಸವನಹುಳುಗಳಂತಹ ಸಸಾರಜನಕ ಹೆಚ್ಚಿರುವ ಮೇವನ್ನೂ ಕೊಡಿ. ಮೊಳೆಯುವ ಎಳೆಯ ಗರಿಗಳ ಬುಡದಲ್ಲಿ ರಕ್ತ ತುಂಬಿರುವುದರಿಂದ ಈ ದಿನಗಳಲ್ಲಿ ಅದನ್ನು ಆದಷ್ಟು ಎತ್ತದೆ, ಎಳೆಯದೆ ಬಿಡುವುದು ಒಳ್ಳೆಯದು.